'ಏನ್ರೀ' ಅಂದ ಹೆನ್ರಿ

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ನೀವು "ಊಟ ಮುಗೀತಾ ಪುಟ್ಟಿ?" ಅಂತ ಕೇಳುತ್ತೀರಿ. "ಯಾ, ಆಮ್ ಡನ್" ಅಂತ ಉತ್ತರ ಬರುತ್ತದೆ. "ಕನ್ನಡದಲ್ಲಿ ಹೇಳು" ಅಂದರೆ ಒಂದು ನಿಟ್ಟುಸಿರು, ಜೊತೆಗೆ "ಆಯ್ತು" ಅನ್ನುವ ಒಂದೇ ಪದ. ಅಲ್ಲಿಗೆ ಆ ದಿನದ ಕನ್ನಡ ಮುಗಿಯಿತು.

ನನ್ನ ಮಗಳೂ ಹಾಗೇ ಇದ್ದಳು. ಶನಿವಾರದ ಕನ್ನಡ ತರಗತಿಗೆ ತಪ್ಪದೆ ಹೋಗುತ್ತಿದ್ದಳು. ವರ್ಣಮಾಲೆ, ವಾರಗಳ ಹೆಸರು, ತಿಂಗಳುಗಳ ಹೆಸರು ಎಲ್ಲವನ್ನೂ ಗಡಗಡ ಒಪ್ಪಿಸುತ್ತಿದ್ದಳು. ಆದರೆ ಹಾಸನದಿಂದ ಅಜ್ಜಿಯ ಫೋನ್ ಬಂದರೆ "ಹಾಯ್ ಅಜ್ಜಿ, ಬೈ ಅಜ್ಜಿ" ಅಷ್ಟೇ. "ಗಿಣಿಪಾಠ ಆಗಿದೆ ಬಿಡು" ಅಂತ ನನ್ನ ಅತ್ತೆ ನಗುತ್ತಿದ್ದರು. ಆ ಮಾತನ್ನು ನಿಜವಾದ ಒಂದು ಗಿಣಿಯೇ ಸುಳ್ಳು ಮಾಡೀತು ಅಂತ ಆಗ ನನಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಹೆನ್ರಿ ನಮ್ಮ ಮನೆಗೆ ಬಂದ. ನಾವಿರುವುದು ಲಂಡನ್ನಿನ ಹೊರವಲಯದಲ್ಲಿ. ದಿಕ್ಕಿಲ್ಲದ ಸಾಕುಹಕ್ಕಿಗಳಿಗೆ ಹೊಸ ಮನೆ ಹುಡುಕಿಕೊಡುವ ಕೇಂದ್ರವೊಂದರಿಂದ ಅವನನ್ನು ತಂದೆವು. ಹಸಿರು ಮೈ, ಕೆಂಪು ಕೊಕ್ಕು, ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿ. ನಮ್ಮೂರಿನ ಪೇರಲೆ ಮರಕ್ಕೆ ದಾಳಿ ಇಡುತ್ತದಲ್ಲ, ಅದೇ ಗಿಣಿ. ಅವನನ್ನು ಸಾಕಿದ್ದ ಮುದುಕಿ ತೀರಿಕೊಂಡಿದ್ದರಂತೆ. ಈ ಜಾತಿಯ ಗಿಣಿಗಳು 25-30 ವರ್ಷ ಬದುಕುತ್ತವೆ, ಎಷ್ಟೋ ಸಲ ಸಾಕಿದವರೇ ಮೊದಲು ಹೋಗಿಬಿಡುತ್ತಾರೆ. ಹೆನ್ರಿ ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡಿದ್ದ. ಮೂರು ವಾರ ಮಾತೇ ಆಡಲಿಲ್ಲ. ಆಮೇಲೊಂದು ಸಂಜೆ, ನಾನು ಕೆಟಲ್ ಹಾಕಿದಾಗ, ಮುದುಕಿಯೊಬ್ಬರ ದನಿಯಲ್ಲಿ "ಕಪ್ ಆಫ್ ಟೀ, ಡಾರ್ಲಿಂಗ್?" ಅಂದ.

"ಅಮ್ಮಾ, ಹೂ ಈಸ್ ಹಿ ಟಾಕಿಂಗ್ ಟು?" ಅಂತ ಮಗಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳೇ ಒಂದು ಉತ್ತರ ಕಟ್ಟಿ, ನಾಲ್ಕು ಪುಟದ ಕಥೆ ಬರೆದಳು. ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಕಥೆಯೇ ನಿಂತುಹೋಗುತ್ತಿತ್ತು.

ಮರುವರ್ಷ ಬೇಸಿಗೆಗೆ ಅತ್ತೆ-ಮಾವ ಬಂದರು. ಅತ್ತೆ ಬಂದ ಮರುದಿನವೇ ಪಂಜರದ ಮುಂದೆ ಕುರ್ಚಿ ಹಾಕಿಕೊಂಡರು. ಕೈಯಲ್ಲಿ ಹಸಿಮೆಣಸಿನಕಾಯಿ. "ರಾಮ ರಾಮ ಅನ್ನು. ರಾಮ ರಾಮ." ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಹೆನ್ರಿ ಮೆಣಸಿನಕಾಯಿ ತಿಂದು ಮುಗಿಸಿ ಬೆನ್ನು ತಿರುಗಿಸುತ್ತಿದ್ದ. ಮಗಳಿಗೆ ಒಳಗೊಳಗೇ ಖುಷಿ, ಪಾಠ ಒಪ್ಪಿಸದ ಇನ್ನೊಬ್ಬ ಸಿಕ್ಕಿದನಲ್ಲ ಅಂತ!

ಇನ್ನೊಂದು ತಮಾಷೆ ಕೇಳಿ. ಅತ್ತೆಯ ಬಾಯಲ್ಲಿ 'ಹೆನ್ರಿ' ಅನ್ನುವುದು 'ಎನ್ರಿ' ಆಗಿಬಿಟ್ಟಿತ್ತು. ಅವರು ಮಾವನನ್ನು ಕರೆಯುವುದು "ಏನ್ರೀ" ಅಂತ. ಗಿಣಿಯನ್ನು ಕರೆದರೆ ಹಿತ್ತಲಿನಿಂದ ಮಾವ "ಬಂದೆ ಬಂದೆ" ಅನ್ನುತ್ತಿದ್ದರು, ಮಾವನನ್ನು ಕರೆದರೆ ಗಿಣಿ ಕತ್ತು ಕೊಂಕಿಸುತ್ತಿತ್ತು. ಆರನೇ ವಾರವೋ ಏನೋ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಅವರದೇ ದನಿಯಲ್ಲಿ "ಏನ್ರೀ!" ಅಂತ ಕೇಳಿಸಿತು. ಮಾವ "ಬಂದೆ ಬಂದೆ" ಅಂತ ಮಣ್ಣುಗೈಯಲ್ಲೇ ಒಳಗೆ ಬಂದರು. ಒಳಗೆ ಹೆನ್ರಿ ಒಬ್ಬನೇ. ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳು. ಅವನಿಗೂ ಗೊತ್ತಾಗಿತ್ತು, ಈ ಪದ ಅಂದರೆ ಒಬ್ಬ ಮನುಷ್ಯ ಬರುತ್ತಾನೆ ಅಂತ. ಅವತ್ತು ಅದನ್ನೇ ಹತ್ತು ಸಲ ಅಂದ.

ದಿನಾ ಒಂದು ಗಂಟೆ ಹೇಳಿಕೊಟ್ಟ 'ರಾಮ ರಾಮ' ಬರಲಿಲ್ಲ, ಯಾರೂ ಹೇಳಿಕೊಡದ 'ಏನ್ರೀ' ಬಂತು. ಇದು ನಮ್ಮ ಮನೆಯ ಆಕಸ್ಮಿಕ ಇರಬಹುದು. ಆದರೆ ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಿಂದ ಅಲೆಕ್ಸ್ ಅನ್ನುವ ಆಫ್ರಿಕನ್ ಬೂದುಗಿಣಿಗೆ ಮಾತು ಕಲಿಸಿದ ಬಗೆಯೂ ಹತ್ತಿರ ಹತ್ತಿರ ಇಂಥದ್ದೇ. ಗಿಣಿಯ ಎದುರಿಗೆ ಇಬ್ಬರು ಮನುಷ್ಯರು. ಒಬ್ಬರು ವಸ್ತು ತೋರಿಸಿ "ಇದೇನು?" ಅನ್ನುತ್ತಾರೆ. ಇನ್ನೊಬ್ಬರು ಸರಿಯಾಗಿ ಹೇಳಿದರೆ ಆ ವಸ್ತು ಅವರ ಕೈಗೆ ಬರುತ್ತದೆ, ತಪ್ಪಿದರೆ ಇಲ್ಲ. ಆಮೇಲೆ ಇಬ್ಬರೂ ಪಾತ್ರ ಬದಲಿಸುತ್ತಾರೆ. ಗಿಣಿ ನೋಡುತ್ತಾ ಕೂತಿದ್ದು, ತನಗೂ ಬೇಕು ಅನ್ನಿಸಿದಾಗ ಬಾಯಿ ಹಾಕುತ್ತದೆ. ಅಲೆಕ್ಸ್ ಹೀಗೆ 50ಕ್ಕೂ ಹೆಚ್ಚು ವಸ್ತುಗಳನ್ನು, 7 ಬಣ್ಣಗಳನ್ನು ಹೆಸರಿಸಲು ಕಲಿತ. ಬರೀ ಧ್ವನಿಮುದ್ರಣ ಕೇಳಿಸಿ, ಬರೀ ವಿಡಿಯೊ ತೋರಿಸಿ ಬಿಟ್ಟ ಗಿಣಿಗಳು ಪದದ ಬಳಕೆ ಕಲಿಯಲಿಲ್ಲ. ಅಂದರೆ ಗಿಣಿಯೂ ಗಿಣಿಪಾಠದಿಂದ ಕಲಿಯುವುದಿಲ್ಲ. ಮಾತಿನಿಂದ ಏನೋ ಆಗುತ್ತದೆ ಅಂತ ಕಂಡಾಗ ಕಲಿಯುತ್ತದೆ. ನಮ್ಮ ಮಕ್ಕಳಿಂದ ಮಾತ್ರ ನಾವು ಬೇರೇನನ್ನೋ ಬಯಸುತ್ತೇವಲ್ಲ?

ಮಗಳಿಗೆ ಕನ್ನಡದಿಂದ ಏನಾಗಬೇಕಿತ್ತು? ಅವತ್ತಿನವರೆಗೆ ಏನೂ ಇಲ್ಲ. ಅವತ್ತು ಒಂದು ಹುಟ್ಟಿತು. ಹೆನ್ರಿ ತಾತನನ್ನು ಕರೆದ ಕಥೆ ಬರೆಯಬೇಕು, ಅದನ್ನು ಅಜ್ಜಿಯೇ ಓದಬೇಕು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಬೇಕೇ ಬೇಕಾಯಿತು.

ಆ ಬೇಸಿಗೆಯಲ್ಲಿ ಏಳು ಕಥೆಗಳಾದವು. ನಾವು ಕಲಿತದ್ದರಲ್ಲಿ ನಿಮಗೆ ಉಪಯೋಗವಾಗುವುದನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಗಿಣಿ ಇಲ್ಲದಿದ್ದರೆ ಬೆಕ್ಕಾದರೂ ಸರಿ, ಕಿಟಕಿಗೆ ಬರುವ ಪಾರಿವಾಳವಾದರೂ ಸರಿ.

ಕಂಡದ್ದರಿಂದ ಶುರು ಮಾಡಿ. "ಒಂದಾನೊಂದು ಕಾಡಿನಲ್ಲಿ" ಬೇಡ, ಇವತ್ತು ಬೆಳಿಗ್ಗೆ ಏನಾಯಿತು ಅನ್ನುವುದು ಸಾಕು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯ ಜೀವವನ್ನೇ ತೆಗೆಯಬಹುದು ಅಂತ ಗೊತ್ತಾದ ದಿನ ನಮ್ಮ ತವಾ ಮನೆಯಿಂದ ಹೊರಗೆ ಹೋಗಿ, ಕಬ್ಬಿಣದ ಕಾವಲಿ ಒಳಗೆ ಬಂತು. ಮೊದಲ ಹತ್ತು ದೋಸೆ ಏಳಲಿಲ್ಲ. "ಹೆನ್ರಿಗೋಸ್ಕರ ಹರಿದ ದೋಸೆ" ಅವಳ ಅತ್ಯುತ್ತಮ ಕಥೆ. ಕಾವಲಿ, ಸೌಟು, ಮಗುಚು, ಸೀದುಹೋಗು ಎಲ್ಲ ಪದವೂ ಅದರಲ್ಲಿ ಬಂದವು. ಅವುಗಳಲ್ಲಿ ಒಂದನ್ನೂ ನಾನು ಪಟ್ಟಿ ಮಾಡಿ ಕಲಿಸಿರಲಿಲ್ಲ.

ಮಗು ಹೇಳಲಿ, ನೀವು ಬರೆದುಕೊಳ್ಳಿ. ಹೇಳಿದಂತೆಯೇ ಬರೆಯಿರಿ. "ಹೋಗ್ತಿದ್ದ" ಅಂದರೆ "ಹೋಗುತ್ತಿದ್ದನು" ಮಾಡಬೇಡಿ. ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಿ. "ಗಿಣಿಗೆ ಹಸಿವು ಬಂದಿತ್ತು" ಅಂತ ಮಗಳು ಬರೆಸಿದಾಗ ನನ್ನ ನಾಲಿಗೆ ತುರಿಸಿತು. ಪಕ್ಕದಲ್ಲಿದ್ದ ಮಾವ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮಗಳಿಗೆ ಹೇಳಿದ್ದು ಒಂದೇ ಪದ: "ಆಮೇಲೆ?" ತಿದ್ದುವ ಬಾಯಿಗೆ ಆ ಒಂದು ಪದವನ್ನು ಕಲಿಸಿಕೊಳ್ಳಿ. ಮೂರನೇ ಕಥೆಯ ಹೊತ್ತಿಗೆ ಅಜ್ಜಿಯ ಮಾತು ಕೇಳಿ ಕೇಳಿ ಅವಳೇ "ಹಸಿವಾಗಿತ್ತು" ಅಂದಳು.

ಪ್ರಾಣಿಯೇ 'ನಾನು' ಅಂತ ಹೇಳುವಂತೆ ಒಂದು ಕಥೆ ಮಾಡಿ ನೋಡಿ. ಇದು ನಮ್ಮಲ್ಲಿ ಹಳೆಯ ದಾರಿ. ಬಾಣನ 'ಕಾದಂಬರಿ'ಯಲ್ಲಿ ಕಥೆ ಹೇಳುವುದೇ ಒಂದು ಗಿಣಿ. ಬೇಡನ ಕೈಗೆ ತಂದೆಯನ್ನು ಕಳೆದುಕೊಂಡು ಮರದಿಂದ ಬಿದ್ದ ಮರಿ ಅದು. ಋಷಿಕುಮಾರನೊಬ್ಬ ಎತ್ತಿಕೊಂಡು ಹೋಗಿ ಉಳಿಸುತ್ತಾನೆ. ಸುಮಾರು ಸಾವಿರ ವರ್ಷದ ಹಿಂದೆ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. "ಹಾಗಾದ್ರೆ ಅದೂ ರೆಸ್ಕ್ಯೂ ಗಿಣಿ!" ಅಂತ ಮಗಳು ಕಣ್ಣರಳಿಸಿದಳು. 'ನಾನು' ಅಂತ ಹೇಳಲು ಹೊರಟ ಅವಳ ಹೆನ್ರಿ ಎರಡನೇ ಸಾಲಿಗೇ ಹೀಗಂದ: "ನಂಗೆ ಎರಡು ಭಾಷೆ ಬರತ್ತೆ. ಒಂದು ಹಳೇ ಮನೇದು, ಒಂದು ಹೊಸ ಮನೇದು." ಅದು ಯಾರ ಮಾತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕೊನೆಯನ್ನು ಸಿಹಿ ಮಾಡಲು ಸುಳ್ಳು ಹೇಳಬೇಡಿ. ನಮ್ಮ ಬೀದಿಯ ಮರಗಳಲ್ಲಿ ಹೆನ್ರಿಯ ಜಾತಿಯವೇ ಹಿಂಡುಗಟ್ಟಿ ಕಿರುಚುತ್ತವೆ. ಐವತ್ತಕ್ಕೂ ಹೆಚ್ಚು ವರ್ಷದಿಂದ ಅವು ಲಂಡನ್ನಿನ ಸುತ್ತಮುತ್ತ ಗೂಡು ಕಟ್ಟುತ್ತಿವೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹಾರಿಬಿಟ್ಟ ಜೋಡಿಯ ಸಂತಾನ ಅನ್ನುವುದು ಇಲ್ಲಿನ ಕಟ್ಟುಕಥೆ, 2019ರ ಒಂದು ಸಂಶೋಧನೆಗೆ ಅದಕ್ಕೆ ಆಧಾರ ಸಿಗಲಿಲ್ಲ. ಅಲ್ಲಲ್ಲಿ ತಪ್ಪಿಸಿಕೊಂಡ, ಬಿಟ್ಟುಕೊಟ್ಟ ಸಾಕುಗಿಣಿಗಳ ಪೀಳಿಗೆ ಅವು. ಹೆನ್ರಿಯನ್ನೂ ಅವುಗಳ ಜೊತೆ ಹಾರಿಸಿಬಿಡುವ ಹಾಗೆ ಕಥೆ ಮುಗಿಸಬೇಕು ಅಂತ ಮಗಳಿಗೆ ಆಸೆ. ಆದರೆ ಪಂಜರದಲ್ಲೇ ಬೆಳೆದವನಿಗೆ ಮೇವು ಹುಡುಕುವುದು ಗೊತ್ತಿಲ್ಲ. ಹೊರನಾಡಿನ ಹಕ್ಕಿಯನ್ನು ಹೀಗೆ ಬಿಡುವುದು ಇಲ್ಲಿ 1981ರ ಕಾಯ್ದೆಯ ಪ್ರಕಾರ ಅಪರಾಧ ಕೂಡ. (ಊರಿಗೆ ಹೋದಾಗ ಸಂತೆಯಲ್ಲಿ ಗಿಣಿ ಕೊಳ್ಳುವ ಹಟ ಬಂದರೆ ನೆನಪಿಡಿ: ನಮ್ಮ ಗಿಣಿಗಳನ್ನು ಮಾರುವುದು, ಸಾಕುವುದು ಭಾರತದಲ್ಲಿ ಅಪರಾಧ.) ಎರಡು ದಿನ ಯೋಚಿಸಿ ಅವಳು ಹೀಗೆ ಮುಗಿಸಿದಳು: ಹೊರಗಿನ ಗಿಣಿಗಳು ದಿನಾ ಕಿಟಕಿಗೆ ಬಂದು ಹೆನ್ರಿಗೆ ಊರಿನ ಸುದ್ದಿ ಹೇಳಿ ಹೋಗುತ್ತವೆ.

ಅತ್ತೆ-ಮಾವ ಊರಿಗೆ ಹೋದ ಮೇಲೂ ಕಥೆಗಳು ನಿಲ್ಲಲಿಲ್ಲ. ಮಗಳು ಬರೆದು ಫೋಟೊ ಕಳಿಸುವುದು, ಮಾವ ಗಟ್ಟಿಯಾಗಿ ಓದಿ ಧ್ವನಿ ಸಂದೇಶ ಕಳಿಸುವುದು. ಪ್ರತಿ ಸಂದೇಶದ ಕೊನೆಗೆ "ಆಮೇಲೆ?"

ಈ ಜನವರಿಯಲ್ಲಿ ಮಾವ ತೀರಿಕೊಂಡರು. ನನ್ನ ಗಂಡ ಮಾತ್ರ ಹೋಗಿಬಂದರು. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅತ್ತೆ ವಿಡಿಯೊ ಕರೆಯಲ್ಲಿದ್ದರು. ಹೆನ್ರಿ ಅವರ ದನಿ ಕೇಳಿ, ಅದೇ ದನಿಯಲ್ಲಿ, "ಏನ್ರೀ!" ಅಂದುಬಿಟ್ಟ. ನಾನು ಓಡಿಹೋಗಿ ಪಂಜರದ ಮೇಲೆ ಬಟ್ಟೆ ಎಳೆದೆ.

"ಬಿಡೇ, ಮುಚ್ಚಬೇಡ," ಅಂದರು ಅತ್ತೆ. "ಇನ್ನೊಂದ್ಸಲ ಕರೀಲಿ."

ಹೆನ್ರಿ ಕರೆದ. ಯಾರೂ ಓಗೊಡಲಿಲ್ಲ. ಆಗ ಮಗಳು ಫೋನಿನ ಹತ್ತಿರ ಬಂದಳು. ಯಾರೂ "ಕನ್ನಡದಲ್ಲಿ ಹೇಳು" ಅಂದಿರಲಿಲ್ಲ.

"ಅಜ್ಜಿ, ತಾತ 'ಬಂದೆ ಬಂದೆ' ಅಂತಿದ್ರಲ್ಲ, ಅದನ್ನೂ ಹೆನ್ರಿಗೆ ಕಲಿಸ್ಲಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಮೊದ್ಲು ಅದನ್ನ ಕಥೆ ಮಾಡಿ ಬರಿ ಕಂದ," ಅಂದರು. "ನಾನು ಓದ್ತೀನಿ."

ಆ ಕಥೆ ಈಗ ಅರ್ಧ ಆಗಿದೆ. ಅಜ್ಜಿ ಅಲ್ಲಿಂದ "ಆಮೇಲೆ?" ಅನ್ನುತ್ತಿದ್ದಾರೆ.

ಈ ತಿಂಗಳು ನಿಮಗೆ ಕೊಡುವ ಕೆಲಸ ಸಣ್ಣದು. ನಿಮ್ಮ ಮಗುವಿನ ಕನ್ನಡಕ್ಕೆ ಕಾದಿರುವ ಒಬ್ಬರನ್ನು ಹುಡುಕಿ. ಐದು ಸಾಲಿನ ಕಥೆಯೊಂದನ್ನು ಅವರಿಗೆ ಕಳಿಸಿ. ತಪ್ಪುಗಳು ಹಾಗೇ ಇರಲಿ.