ಮಧುಗಿರಿಯ ಸೆರೆಯಾಳುಗಳು

ಬಿದನೂರಿನ ರಾಣಿ ವೀರಮ್ಮಾಜಿಯು ತನ್ನ ದತ್ತುಪುತ್ರನನ್ನು ಕೊಲ್ಲಿಸಿದ ಪಾಪಕ್ಕಾಗಿಯೇ ನಮ್ಮ ಮಧುಗಿರಿಯ ದುರ್ಗದಲ್ಲಿ ಸೆರೆಯಿರಬೇಕಾಯಿತೆಂಬುದು ನಿಜವೇ, ಎಂದು ಕೊರಟಗೆರೆಯ ಕಡೆಯ ವಾಚಕರೊಬ್ಬರು ಕೇಳಿರುವರು. ಮನೆಯಲ್ಲಿ ಹಿರಿಯರು ಹಾಗೆ ಹೇಳುತ್ತಿದ್ದರಂತೆ. ಮಕ್ಕಳೊಡನೆ ಬೆಟ್ಟ ಹತ್ತಿದಾಗ ತಾವೂ ಹಾಗೆಯೇ ಹೇಳಿದರಂತೆ. ಹೇಳಿದ ಮೇಲೆ ಸಂದೇಹವುಂಟಾಯಿತೆಂದು ಬರೆದಿದ್ದಾರೆ. ಹೇಳುವುದಕ್ಕೆ ಮೊದಲೇ ಉಂಟಾಗಿದ್ದರೆ ಚೆನ್ನಾಗಿತ್ತು. ಆದರೂ ಸಂದೇಹವು ತಡವಾಗಿ ಬಂದರೂ ಸ್ವಾಗತಾರ್ಹವೇ.

ಮೊದಲು ಕಥೆಯನ್ನು ಕೇಳೋಣ. ಕೆಳದಿಯ ವಂಶದ ಎರಡನೆಯ ಬಸಪ್ಪನಾಯಕನು ಗತಿಸಿದ ತರುವಾಯ ಆತನ ದತ್ತುಪುತ್ರನಾದ ಚೆನ್ನಬಸಪ್ಪನಾಯಕನು ಪಟ್ಟಕ್ಕೆ ಬಂದನು. ಅವನಿನ್ನೂ ತರುಣ. 1757ರ ಸುಮಾರಿನಲ್ಲಿ ಅವನು ಸತ್ತನು. ಬಸಪ್ಪನಾಯಕನ ವಿಧವೆಯಾದ ವೀರಮ್ಮಾಜಿಯು ಸೋಮಶೇಖರನೆಂಬ ಶಿಶುವನ್ನು ದತ್ತು ತೆಗೆದುಕೊಂಡು ತಾನೇ ರಾಜ್ಯವನ್ನಾಳತೊಡಗಿದಳು. ಇಷ್ಟರಲ್ಲಿ ವಿವಾದವಿಲ್ಲ. ಇದರ ಮೇಲಿನ ಮಾತೇ ಬೇರೆ: ರಾಣಿಗೂ ನಿಂಬಯ್ಯನೆಂಬವನಿಗೂ ಅಕ್ರಮ ಸಂಬಂಧವಿತ್ತೆಂದೂ, ತರುಣನು ಅದನ್ನು ಆಕ್ಷೇಪಿಸಿದನೆಂದೂ, ಆಗ ಜಟ್ಟಿಯೊಬ್ಬನನ್ನು ಗೊತ್ತುಮಾಡಿ ಮೈ ನೀವುವ ನೆಪದಿಂದ ಅವನ ಕತ್ತನ್ನು ಮುರಿಸಿದರೆಂದೂ ಹೇಳುವರು. ಈ ವೃತ್ತಾಂತವು ಬಹುಮಟ್ಟಿಗೆ ಕರ್ನಲ್ ಮಾರ್ಕ್ ವಿಲ್ಕ್ಸನ ಮೈಸೂರು ಚರಿತ್ರೆಯ ಮೂಲಕ ನಮ್ಮವರೆಗೆ ಬಂದಿದೆ. ಅದರ ಮೊದಲನೆಯ ಸಂಪುಟವು ಅಚ್ಚಾದದ್ದು 1810ರಲ್ಲಿ. ಎಂದರೆ ಸಾವಿಗೂ ಅಚ್ಚಿಗೂ ನಡುವೆ ಐವತ್ತಕ್ಕೆ ಮೀರಿದ ವರ್ಷಗಳು. ಒಂದು ತಲೆಮಾರು ಸತ್ತು ಮತ್ತೊಂದು ನರೆತಿತ್ತು.

ಇನ್ನು ಎರಡನೆಯ ಕಥೆ. 1761ರಲ್ಲಿ ಹೈದರನು ಬಸಾಲತ್ ಜಂಗನಿಗೆ ಹಣ ಕೊಟ್ಟು ಶಿರಾದ ನವಾಬಗಿರಿಯನ್ನು ಪಡೆದುಕೊಂಡನು. ಆ ಹೆಸರಿನ ಬಲದಿಂದ ಸುತ್ತಣ ಪಾಳೆಯಗಾರರನ್ನು ಮಣಿಸುತ್ತ ಚಿತ್ರದುರ್ಗಕ್ಕೆ ಬಂದಾಗ, ಅಲ್ಲಿಯ ನಾಯಕನು ಒಬ್ಬ ತರುಣನನ್ನು ಅವನ ಮುಂದೆ ನಿಲ್ಲಿಸಿದನು. ತಾನೇ ಚೆನ್ನಬಸಪ್ಪನಾಯಕನೆಂದೂ, ಕೊಲ್ಲಬೇಕಾದ ಜಟ್ಟಿಯು ಕನಿಕರಪಟ್ಟು ತನ್ನನ್ನು ಐದು ವರ್ಷ ಮನೆಯಲ್ಲಿ ಅಡಗಿಸಿಟ್ಟಿದ್ದನೆಂದೂ ಆ ತರುಣನು ಹೇಳಿದನು. ಅವನಿಗೆ ರಾಜ್ಯವನ್ನು ಮರಳಿ ಕೊಡಿಸುವೆನೆಂಬ ನೆಪದಿಂದ ಹೈದರನು 1763ರಲ್ಲಿ ಬಿದನೂರಿನ ಮೇಲೆ ದಂಡೆತ್ತಿ ಹೋದನು. ದಂಡಿನವರು ಮಾತ್ರ ಆ ತರುಣನನ್ನು 'ಗೈಬು ರಾಜ'ನೆಂದು ಹಾಸ್ಯ ಮಾಡುತ್ತಿದ್ದರೆಂದು ವಿಲ್ಕ್ಸನು ಬರೆಯುತ್ತಾನೆ. ಕಾಣದ ಲೋಕದಿಂದ ಎದ್ದು ಬಂದ ರಾಜನೆಂದು ಅದರ ಭಾವ.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಎರಡು ಕಥೆಗಳನ್ನೂ ಒಟ್ಟಿಗೆ ನಂಬುವವರನ್ನು ನಾವು ಕಂಡಿದ್ದೇವೆ. ಅದು ಸಾಧ್ಯವಿಲ್ಲ. ತರುಣನು ನಿಜವಾದ ಚೆನ್ನಬಸಪ್ಪನಾಗಿದ್ದರೆ ಕೊಲೆಯೇ ನಡೆಯಲಿಲ್ಲ. ಹೆಚ್ಚೆಂದರೆ ಕೊಲೆಯ ಯತ್ನ ನಡೆಯಿತು. ಅವನು ಸುಳ್ಳುಗಾರನಾಗಿದ್ದರೆ, ಜಟ್ಟಿಯ ವಿಷಯವು ಒಬ್ಬ ಸುಳ್ಳುಗಾರನ ಬಾಯಿಂದ ಲೋಕದ ಮುಂದೆ ಸಾರಲ್ಪಟ್ಟದ್ದಾಯಿತು. ಸತ್ತವನಂತೆ ನಟಿಸಿ ಬದುಕಿದವನಿಗೆ ತನ್ನನ್ನು ಕೊಲ್ಲಹೊರಟವರೊಬ್ಬರು ಅತ್ಯವಶ್ಯ. ಅವರಿಲ್ಲದೆ ಅವನ ಕಥೆ ನಿಲ್ಲದು. ಬಿದನೂರಿನ ಸೀಮೆಯಲ್ಲಿ ಮೊದಲೇ ಗುಸುಗುಸು ಇದ್ದಿರಬಹುದು. ಇದ್ದರೂ 1763ರಲ್ಲಿ ಅದು ಒಂದು ಸೈನ್ಯದ ಧ್ವಜವಾಯಿತು. ಅಲ್ಲಿಂದ ಮುಂದೆ ಅದನ್ನು ಅಲ್ಲಗಳೆಯುವುದು ಯಾರಿಗೂ ಹಿತವಾಗಿರಲಿಲ್ಲ.

ನಮ್ಮ ತಾರ್ಕಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪುವರು, ಆದರೆ ಹೇಳಿದವನು ಆಪ್ತನಾಗಿರಬೇಕು; ವಿಷಯವನ್ನು ಬಲ್ಲವನೂ ವಂಚಿಸುವ ಇಚ್ಛೆಯಿಲ್ಲದವನೂ ಆಗಿರಬೇಕು. ಇಲ್ಲಿ ಹೇಳಿದವರು ಯಾರು? ಬಿದನೂರಿನ ನೆರೆಯ ಚಿತ್ರದುರ್ಗದ ನಾಯಕ. ಸಿಂಹಾಸನವನ್ನು ಬಯಸಿದ ತರುಣ. ರಾಜ್ಯವನ್ನು ಬಯಸಿದ ಹೈದರ. ಕುಂಸಿಯಲ್ಲಿ ಹೈದರನ ಕೈಗೆ ಸಿಕ್ಕಿ ರಾಜಧಾನಿಯ ಗುಪ್ತಮಾರ್ಗವನ್ನು ತೋರಿಸಿದ ಲಿಂಗಣ್ಣನಾದರೋ ಅದೇ ಸರ್ಕಾರದ ಮಾಜಿ ಮಂತ್ರಿ, ಸೆರೆಯಲ್ಲಿದ್ದವನು. ಬಿದನೂರಿನಲ್ಲಿ ಹೈದರನಿಗೆ ದೊರೆತ ಸೊತ್ತನ್ನು 1 ಕೋಟಿ 20 ಲಕ್ಷ ಪೌಂಡೆಂದು ಅಂದಾಜು ಮಾಡಿರುವರು. ಅಂದಾಜು ದೊಡ್ಡದಾಯಿತೆಂದು ನಮಗೆ ತೋರುತ್ತದೆ. ಅದರ ಹತ್ತರಲ್ಲೊಂದು ಪಾಲಿಗೂ ಜನರು ಸುಳ್ಳು ಹೇಳುವರು.

ಹಾಗಾದರೆ ರಾಣಿ ನಿರ್ದೋಷಿಯೋ? ಅಷ್ಟು ಬೇಗ ಹಾಗೆ ಹೇಳಲಾಗದು. ಮರಣದಿಂದ ಲಾಭವಾದದ್ದು ಆಕೆಗೆ. ಯೌವನದ ರಾಜನು ಹೋಗಿ ಶಿಶುವು ಬಂದಿತು, ಅಧಿಕಾರವು ಆಕೆಯ ಕೈಗೆ ಬಂದಿತು. ಆ ಮನೆತನದಲ್ಲಿ ಕೊಲೆಯು ಕಂಡರಿಯದ ಸಂಗತಿಯೂ ಅಲ್ಲ. 1671ರಲ್ಲಿ ಸೋಮಶೇಖರನಾಯಕನು ಒಳಸಂಚಿಗೆ ಬಲಿಯಾಗಿದ್ದನು. ಆದರೆ ಆತನ ತರುವಾಯ ಪತ್ನಿ ಚೆನ್ನಮ್ಮಾಜಿಯು ವಿಧವೆಯಾಗಿಯೇ ಕಾಲು ಶತಮಾನ ಆಳಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಕೀರ್ತಿಯನ್ನೇ ಪಡೆದಳು. ಆಕೆ ಗೆದ್ದಳು, ವೀರಮ್ಮಾಜಿ ಸೋತಳು. ಸೋತ ಹೆಂಗಸಿನ ಶೀಲದ ಮೇಲೆ ಮಾತು ಹುಟ್ಟುವುದಕ್ಕೆ ಅರಮನೆಯೇ ಬೇಕೆಂದಿಲ್ಲವೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಲಾಭವಾಯಿತೆಂಬುದು ವಿಚಾರಣೆಯನ್ನು ಎಲ್ಲಿಂದ ತೊಡಗಬೇಕೆಂಬುದನ್ನು ತೋರಿಸೀತೇ ಹೊರತು ಅಪರಾಧವನ್ನು ಸ್ಥಾಪಿಸಲಾರದು.

ಹಠಾತ್ತಾಗಿ ಸತ್ತವನ ವಿಚಾರಣೆಯನ್ನು ಹೇಗೆ ಮಾಡಬೇಕೆಂಬುದು ನಮ್ಮ ಹಿಂದಿನವರಿಗೆ ತಿಳಿಯದಿರಲಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಶುಮೃತಕಪರೀಕ್ಷೆಯೆಂಬ ಒಂದು ಅಧ್ಯಾಯವೇ ಇದೆ. ಶವಕ್ಕೆ ಎಣ್ಣೆ ಬಳಿದು ನೋಡಬೇಕು, ಕೊರಳ ಗುರುತು, ಕಣ್ಣು, ಕೈಕಾಲುಗಳ ಬಾವು ಇವುಗಳಿಂದ ಉಸಿರು ಕಟ್ಟಿಸಿದರೋ, ವಿಷವಿಟ್ಟರೋ, ಹೊಡೆದರೋ ಎಂದು ತಿಳಿಯಬೇಕು, ಸೇವಕರನ್ನು ಕೇಳಬೇಕು, ಸ್ತ್ರೀ, ದಾಯಭಾಗ, ವೃತ್ತಿಸ್ಪರ್ಧೆ, ಹಗೆ ಇವುಗಳಲ್ಲಿ ಯಾವುದರಿಂದ ಕೋಪ ಹುಟ್ಟಿತೆಂದು ಶೋಧಿಸಬೇಕು. ಕತ್ತು ಮುರಿದದ್ದಾದರೆ ಗುರುತು ಸಿಕ್ಕುವ ಕಾಲ ಅದೊಂದೇ. ಆರು ವರ್ಷದ ಮೇಲೆ ಸೈನ್ಯದ ಡೇರೆಯಲ್ಲಿ ಕಥೆ ಹೇಳಿದರೆ ಅದು ಪರೀಕ್ಷೆಯಾಗದು.

ಬಿದನೂರು ಹೈದರನ ವಶವಾದ ದಿನ ಒಂದು ಪರೀಕ್ಷೆಗೆ ಅವಕಾಶವಿತ್ತು. ಚೆನ್ನಬಸಪ್ಪನನ್ನು ನಿತ್ಯ ಕಂಡಿದ್ದ ಊಳಿಗದವರೂ ಅಧಿಕಾರಿಗಳೂ ಇನ್ನೂ ಬದುಕಿದ್ದ ಕಾಲವದು. ಅವರಲ್ಲಿ ನಾಲ್ವರನ್ನು ಬೇರೆಬೇರೆಯಾಗಿ ಕೇಳಿದ್ದರೆ ಗೈಬು ರಾಜನ ಗುಟ್ಟು ಒಂದು ಜಾವದಲ್ಲಿ ಬಯಲಾಗುತ್ತಿತ್ತು. ಆದರೆ ಹೈದರನಿಗೆ ಅದರಿಂದ ಆಗಬೇಕಾದದ್ದೇನು? ನಿಜವಾದರೆ ರಾಜ್ಯವನ್ನು ಕೊಡಬೇಕು. ಸುಳ್ಳಾದರೆ ದಂಡಯಾತ್ರೆಯ ನೆಪವೇ ಹೋಗುವುದು. ಅವನು ಊರಿಗೆ ಹೈದರನಗರವೆಂದು ಹೆಸರಿಟ್ಟು, ರಾಣಿಯನ್ನೂ, ನಿಂಬಯ್ಯನನ್ನೂ, ಬಾಲಕ ಸೋಮಶೇಖರನನ್ನೂ, ಗೈಬು ರಾಜನನ್ನೂ ಒಟ್ಟಾಗಿ ಮಧುಗಿರಿಗೆ ಕಳುಹಿಸಿದನು. ವಾದಿಗೂ ಪ್ರತಿವಾದಿಗೂ ಒಂದೇ ಶಿಕ್ಷೆ! ಗೈಬು ರಾಜನನ್ನು ಸೆರೆಗೆ ಹಾಕಿದ್ದರಿಂದಲೇ ಅವನು ಸುಳ್ಳುಗಾರನೆಂದು ತಿಳಿಯುವುದಿಲ್ಲವೇ ಎಂದು ಕೆಲವರು ಕೇಳುವರು. ತಿಳಿಯುವುದಿಲ್ಲ. ರಾಜ್ಯವನ್ನು ತಾನೇ ಇಟ್ಟುಕೊಳ್ಳಬೇಕೆಂದಿದ್ದವನಿಗೆ ಸುಳ್ಳು ರಾಜನಿಗಿಂತ ನಿಜವಾದ ರಾಜನೇ ಹೆಚ್ಚು ಅಪಾಯಕಾರಿ. ಸೈನಿಕರ ಪರಿಹಾಸ್ಯವೂ ಅವರ ಅಭಿಪ್ರಾಯವನ್ನು ಹೇಳುತ್ತದೆಯೇ ಹೊರತು ಅವನ ಹುಟ್ಟನ್ನಲ್ಲ.

ಆದಕಾರಣ ಪತ್ರ ಬರೆದವರಿಗೆ ನಮ್ಮ ಉತ್ತರವಿದು. ಗೈಬು ರಾಜನ ಕಥೆಯನ್ನು ನಾವು ನಂಬುವುದಿಲ್ಲ. ಐದು ವರ್ಷ ಅಡಗಿದ್ದವನು, ತನ್ನನ್ನು ಕೂರಿಸಬಲ್ಲ ಸೈನ್ಯವು ನೆರೆಗೆ ಬಂದ ಕಾಲಕ್ಕೆ ಸರಿಯಾಗಿ ಹೊರಬಿದ್ದದ್ದು ಬಲು ಅನುಕೂಲದ ಸಂಗತಿ. ಚೆನ್ನಬಸಪ್ಪನು ರೋಗದಿಂದ ಸತ್ತನೋ ಕೈಯಿಂದ ಸತ್ತನೋ ಎಂಬುದು ತೀರ್ಮಾನವಾಗಿಲ್ಲ. ರಾಣಿಯ ಮೇಲೆ ಸಂಶಯವುಂಟು, ಸಾಕ್ಷ್ಯವಿಲ್ಲ. ಕೊಲೆಗಾಗಿ ಆಕೆಗೆ ಸೆರೆಯಾಯಿತೆಂಬುದಂತೂ ಪೂರ್ತಿ ತಪ್ಪು: ಆಕೆಯನ್ನು ಯಾವ ನ್ಯಾಯಸ್ಥಾನವೂ ವಿಚಾರಿಸಲಿಲ್ಲ, ರಾಜ್ಯವನ್ನು ಕಳೆದುಕೊಂಡದ್ದಕ್ಕಾಗಿ ಸೆರೆಯಾಯಿತು. ಮುಂದಿನ ಸಲ ಬೆಟ್ಟ ಹತ್ತುವಾಗ ಮಕ್ಕಳಿಗೆ ಇಷ್ಟನ್ನು ಹೇಳಬಹುದು. ಜೊತೆಗೆ ಇದನ್ನೂ ಹೇಳಲಿ: 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಮಧುಗಿರಿಯನ್ನು ಹಿಡಿದಾಗ ರಾಣಿಗೂ ಸೋಮಶೇಖರನಿಗೂ ಬಿಡುಗಡೆಯಾಯಿತು. ಅವರನ್ನು ಪುಣೆಗೆ ಕರೆದೊಯ್ಯುತ್ತಿದ್ದಾಗ ಆಕೆಯು ದಾರಿಯಲ್ಲಿಯೇ ತೀರಿಕೊಂಡಳು. ಸೋಮಶೇಖರನು ಮದುವೆಯಿಲ್ಲದೆ ಸತ್ತನು.