ಊದುಗೊಳವೆ ಹಿಡಿದು ಸಮುದ್ರಕ್ಕೆ



ಪುಂಡಿಪಲ್ಲೆ, ಶೇಂಗಾ ಹಿಂಡಿ ಅಂತ ಅಡಿಗೆಮನೆಯಲ್ಲೇ ಸುತ್ತುತ್ತಿದ್ದೀರಿ, ಒಮ್ಮೆ ಹೊರಗೂ ಕರೆದುಕೊಂಡು ಹೋಗಿರಿ ಅಂತ ನಿಮ್ಮಲ್ಲಿ ಕೆಲವರು ಕಾಗದ ಬರೆದಿದ್ದೀರಿ. ಆಗಲಿ, ಈ ಸಲ ದೂರವೇ ಹೋಗೋಣ, ಸಮುದ್ರದ ನಡುವಿಗೆ. ಆದರೆ ಅಡಿಗೆಮನೆಯನ್ನು ಪೂರ್ತಿ ಬಿಟ್ಟು ಹೋಗಲು ಆಗೋದಿಲ್ಲ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ.

ಮೊದಲು ನನಗೂ ನೀರಿಗೂ ಇದ್ದ ನಂಟು ಹೇಳಿಬಿಡುತ್ತೇನೆ. ನನ್ನ ತವರು ಕುಂಚಾವರಂ. ಚಿಂಚೋಳಿ ತಾಲ್ಲೂಕಿನ ತುದಿಯ ಊರು, ತುಸು ಆಚೆ ಹೋದರೆ ತೆಲಂಗಾಣ. ಸುತ್ತ ಕಾಡು. 2011ರಲ್ಲಿ ಆ ಕಾಡನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. ಮಳೆಗಾಲದಲ್ಲಿ ಹಳ್ಳ, ಉಳಿದ ಕಾಲದಲ್ಲಿ ಬಾವಿ, ನೀರೆಂದರೆ ನಮಗೆ ಅಷ್ಟೇ. ಕೊಡ ಹೊತ್ತು ತರುವುದು ಹೆಣ್ಣುಮಕ್ಕಳ ಪಾಲು, ಬಾವಿಗೆ ಹಾರಿ ಈಜುವುದು ಗಂಡುಹುಡುಗರ ಪಾಲು. ನಾನು ಐದನೇ ತರಗತಿಯಲ್ಲಿದ್ದಾಗ ನನ್ನ ಓರಗೆಯ ಹುಡುಗಿಯೊಬ್ಬಳು ಕೊಡ ಅದ್ದಲು ಬಗ್ಗಿದವಳು ಪಾವಟಿಗೆಯಿಂದ ಜಾರಿ ಬಿದ್ದಳು. ಜನ ಓಡಿಬಂದಾಗ ಕೊಡ ಮೇಲೆ ತೇಲುತ್ತಿತ್ತು, ಅವಳು ತಳ ಸೇರಿದ್ದಳು. ಅಂದಿನಿಂದ ನಮ್ಮವ್ವ "ನೀರಿನ ಸನೇಕ ಹೋಗಬ್ಯಾಡ" ಅನ್ನುವುದನ್ನು ಜಪದ ಹಾಗೆ ಹಿಡಿದಳು. ನೀರು ತರುವುದು ಮಾತ್ರ ತಪ್ಪಲಿಲ್ಲ. ಈಜು ಕಲಿಸಬೇಕು ಅಂತ ಮಾತ್ರ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನನ್ನನ್ನು ಕೊಟ್ಟಿದ್ದು ಶಹಾಬಾದಿಗೆ. ನಮ್ಮವರು ಕಲ್ಲಿನ ವ್ಯವಹಾರದವರು, ಹುಡುಗರಾಗಿದ್ದಾಗ ಮಳೆನೀರು ತುಂಬಿದ ಕಲ್ಲಿನ ಖಣಿಗಳಲ್ಲೇ ಈಜಿ ಬೆಳೆದವರು. ನಾವು ಮದುವೆಯಾಗಿ ಇಪ್ಪತ್ತೈದನೇ ವರ್ಷಕ್ಕೆ ಕಾಲಿಟ್ಟಾಗ ನನ್ನ ಚೀಟಿಯ ಹಣ ಕೈಗೆ ಬಂದಿತ್ತು. ನನಗೆ ಪಾಟ್ಲಿ ಮಾಡಿಸುವ ಆಸೆ. ಇವರು ಒಂದು ಸಂಜೆ ಊಟಕ್ಕೆ ಕೂತವರು, "ಹುಟ್ಟಿದಾಗಿಂದ ಕಲ್ಲು ನೋಡೀನಿ. ಒಮ್ಮೆ ಹಡಗು ಹತ್ತಬೇಕು ನೋಡು" ಅಂದರು. ಅವರು ಬಾಯಿ ಬಿಟ್ಟು ಏನನ್ನೂ ಕೇಳುವವರಲ್ಲ. ಪಾಟ್ಲಿ ಮುಂದಕ್ಕೆ ಹೋಯಿತು.

ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ 5 ದಿನದ ಪ್ರವಾಸ. ರಾತ್ರಿ ಹಡಗಿನಲ್ಲಿ ಮಲಗುವುದು, ಹಗಲು ಒಂದೊಂದು ದ್ವೀಪ: ಮಿನಿಕಾಯ್, ಕಲ್ಪೇನಿ, ಕವರತ್ತಿ. ಅಲ್ಲಿಗೆ ಹೊರಗಿನವರು ಹೋಗಬೇಕಾದರೆ ಪರವಾನಗಿ ಬೇಕಿತ್ತು. ಅದಕ್ಕೆ ನಮ್ಮ ಮೇಲೆ ಯಾವ ಗುನ್ನೆಯೂ ಇಲ್ಲ ಅಂತ ಪೊಲೀಸ್ ಠಾಣೆಯಿಂದ ಒಂದು ಕಾಗದವೂ ಬೇಕಿತ್ತು. ಸೆರಗು ಹೊದ್ದು ಠಾಣೆಯ ಬೆಂಚಿನ ಮೇಲೆ ಕೂತಾಗ ಬೀದಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡಿದರು. ಸಂಜೆಯೊಳಗೆ ನಾಲ್ಕು ಮನೆಯವರು ಬಂದು "ಏನಾಯ್ತ್ರಿ ಅಕ್ಕಾರ?" ಅಂತ ವಿಚಾರಿಸಿದರು ಅನ್ನಿ!

2019ರ ಜನವರಿಯಲ್ಲಿ ವಾಡಿ ಜಂಕ್ಷನ್‌ನಲ್ಲಿ ಕನ್ಯಾಕುಮಾರಿ ಕಡೆಯ ರೈಲು ಹತ್ತಿ ಎರ್ನಾಕುಳಂನಲ್ಲಿ ಇಳಿದೆವು. ಚೀಲದಲ್ಲಿ ಖಡಕ್ ರೊಟ್ಟಿ, ಅಗಸಿ ಹಿಂಡಿ, ನಿಂಬೆಹಣ್ಣು. ಹಡಗು ತುಯ್ದಾಡಿದರೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಬರಿಹೊಟ್ಟೆಯಲ್ಲಿ ಇರಬಾರದು, ಜಿಡ್ಡಿನದು ತಿನ್ನಬಾರದು, ಮೇಲೆ ಬಂದು ದೂರದ ಬಾನಂಚು ನೋಡುತ್ತ ನಿಲ್ಲಬೇಕು. ಮಾತ್ರೆ ಬೇಕಾದವರು ಡಾಕ್ಟರನ್ನು ಕೇಳಿ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಒಳಗೆ ನಿಲ್ಲುವುದೇ ಇಲ್ಲ.

ರಾತ್ರಿ ಮೇಲಿನ ಅಂಕಣದಲ್ಲಿ ಗಾಳಿಗೆ ಕೂತಾಗ ಇವರು ಒಂದು ಮಾತು ಹೇಳಿದರು. "ನಮ್ಮ ಶಹಾಬಾದಿ ಫರಸಿ ಅದಲ್ಲ, ಅದು ಹುಟ್ಟಿದ್ದೂ ಸಮುದ್ರದಾಗೇ ನೋಡು." ಕೋಟ್ಯಂತರ ವರ್ಷದ ಹಿಂದೆ, ಮೀನು ಅನ್ನುವ ಪ್ರಾಣಿ ಹುಟ್ಟುವ ಮೊದಲೇ, ನಮ್ಮ ಸೀಮೆಯನ್ನು ಸಮುದ್ರ ಮುಚ್ಚಿತ್ತಂತೆ. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಗಿ ಕಲ್ಲಾಯಿತು. ಅದಕ್ಕೇ ಫರಸಿ ಅಷ್ಟು ಸಲೀಸಾಗಿ ಹಲಗೆ ಹಲಗೆಯಾಗಿ ಏಳುತ್ತದೆ, ಅದಕ್ಕೇ ವಾಡಿ, ಸೇಡಂ ಕಡೆ ಸಿಮೆಂಟಿನ ಕಾರ್ಖಾನೆಗಳು ಬಂದವು. ಸಮುದ್ರಕ್ಕೆ ಹೆದರುವ ನಾನು ಇಷ್ಟು ವರ್ಷ ಸಮುದ್ರದ ತಳದ ಮೇಲೆ ಕೂತು ರೊಟ್ಟಿ ಬಡಿದಿದ್ದೆ!

ಮೊದಲ ದ್ವೀಪ ಮಿನಿಕಾಯ್. ಅಲ್ಲಿನ ಭಾಷೆ ಮಹಲ್, ಮಾಲ್ಡೀವ್ಸ್‌ನವರ ಮಾತಿಗೆ ಹತ್ತಿರ. ಉಳಿದ ದ್ವೀಪಗಳಲ್ಲಿ ಮಲಯಾಳಂ. 1885ರಲ್ಲಿ ಕಟ್ಟಿದ ದೀಪಸ್ತಂಭದ ಮೆಟ್ಟಿಲು ಹತ್ತಿ ನೋಡಿದರೆ ಕಣ್ಣಿಗೆ ಬೀಳುವುದೆಲ್ಲ ನೀರು ಮತ್ತು ತೆಂಗು. ಗಂಡಸರಲ್ಲಿ ಬಹಳ ಜನ ದೊಡ್ಡ ಹಡಗುಗಳ ಮೇಲೆ ದುಡಿಯಲು ತಿಂಗಳುಗಟ್ಟಲೆ ಹೊರಗೆ ಹೋಗುತ್ತಾರೆ. ಮನೆ ನಡೆಸುವುದು ಹೆಂಗಸರು. ಈ ದ್ವೀಪಗಳಲ್ಲಿ ತಾಯಿಯ ಮನೆತನದ ಮೇಲೇ ವಂಶ ನಡೆಯುವ ಪದ್ಧತಿ. ಇದನ್ನು ಕೇಳಿ ನಮ್ಮ ಜೊತೆ ಬಂದ ಹೆಂಗಸರೆಲ್ಲ ತಂತಮ್ಮ ಯಜಮಾನರ ಮುಖ ನೋಡಿದ್ದೇ ನೋಡಿದ್ದು. ಅವತ್ತು ನಾನು ನೀರಿಗೆ ಇಳಿದದ್ದು ಮೊಣಕಾಲಿನವರೆಗೆ ಮಾತ್ರ. ಇವರು ದೂರದವರೆಗೆ ಈಜಿ ಬಂದು ಮೀಸೆ ತಿರುವಿದರು.

ಇನ್ನೊಂದು ಸಂಗತಿ ನಿಮಗೆ ಹೇಳಲೇಬೇಕು. ಈ ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಒಂದು ಕಾಲಕ್ಕೆ ಟಿಪ್ಪು ಸುಲ್ತಾನನ ಕೈಯಲ್ಲಿದ್ದವು. ಆಮೇಲೆ ಇಂಗ್ಲಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಜನ ಹಾಯಿದೋಣಿಯಲ್ಲಿ ತೆಂಗು, ನಾರಿನ ಹಗ್ಗ ತಂದು ಮಂಗಳೂರಿನಲ್ಲಿ ಮಾರಿ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಆ ದ್ವೀಪಗಳು ಕನ್ನಡ ಜಿಲ್ಲೆ ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ಅದೇ ದಿನವೇ ನಮ್ಮ ಗುಲ್ಬರ್ಗ ಸೀಮೆ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ನಾಡಿಗೆ ಸೇರಿತು. ಅವರು ಹೊರಟ ಬಾಗಿಲಲ್ಲಿ ನಾವು ಒಳಗೆ ಬಂದೆವು.

ಮೂರನೇ ದಿನ ಕಲ್ಪೇನಿ. ಹೆಣ್ಣುಮಕ್ಕಳು ಓದುವುದೇ ತಪ್ಪು ಅನ್ನುವ ಕಾಲದಲ್ಲಿ ಈ ದ್ವೀಪದ ಹುಡುಗಿಯರೇ ಮೊದಲು ಶಾಲೆಗೆ ಹೋದವರಂತೆ. ಹಡಗು ಹೊರಗೆ ನಿಂತಿತು, ನಮ್ಮನ್ನು ಸಣ್ಣ ದೋಣಿಗೆ ಇಳಿಸಿದರು. ಹವಳದ ದಿಬ್ಬ ಗೋಡೆಯ ಹಾಗೆ ಸುತ್ತುವರಿದಿರುವುದರಿಂದ ಅಲೆಗಳು ಹೊರಗೇ ಒಡೆಯುತ್ತವೆ, ಒಳಗಿನ ನೀರು ಹಂಡೆಯ ನೀರಿನ ಹಾಗೆ ಸುಮ್ಮನಿರುತ್ತದೆ. ಅಲ್ಲಿ ಸ್ನಾರ್ಕೆಲಿಂಗ್ ಅಂತ ಮಾಡಿಸುತ್ತಾರೆ. ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಕೊಳವೆ. ಕೊಳವೆಯ ತುದಿ ನೀರಿನ ಮೇಲೆ ಇರುತ್ತದೆ. ಮುಖ ನೀರಲ್ಲಿಟ್ಟು ತೇಲುತ್ತ, ಬಾಯಿಂದ ಉಸಿರಾಡುತ್ತ ಕೆಳಗಿನ ಲೋಕ ನೋಡುವುದು. ತೇಲಿಸಲು ಮೈಗೆ ರಕ್ಷಾಕವಚ ಕಟ್ಟುತ್ತಾರೆ, ಈಜು ಬಾರದವರೂ ಇಳಿಯಬಹುದು. ಅಲ್ಲಿನ ತರುಣನೊಬ್ಬ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ನಮ್ಮ ಕಡೆಯ ಉರ್ದು ಬೆರೆತ ಹಿಂದಿ ಅವನಿಗೂ ಹಿಡಿಸಿತು.

ಇವರು ಮೊದಲು ನುಗ್ಗಿದರು. ಎರಡು ನಿಮಿಷದಲ್ಲಿ ಕೆಮ್ಮುತ್ತ ಮೇಲೆ ಎದ್ದರು. ಮತ್ತೆ ಹೋದರು, ಮತ್ತೆ ಎದ್ದರು. ಮುಖವಾಡದೊಳಗೆ ನೀರು. ಆ ತರುಣ ನಗುತ್ತ ಕಾರಣ ಹೇಳಿದ: ಮೀಸೆ! ಮುಖವಾಡದ ರಬ್ಬರು ಚರ್ಮಕ್ಕೆ ಅಂಟಿ ಕೂರಬೇಕು, ಕೂದಲೆಳೆ ಅಡ್ಡ ಬಂದರೂ ನೀರು ಒಳಗೆ ನುಸುಳುತ್ತದೆ. ಅದಲ್ಲದೆ ಇವರಿಗೆ ಮೂಗಿನಿಂದ ಉಸಿರೆಳೆಯುವ ರೂಢಿ ಬಿಡಲಿಲ್ಲ. ನಲವತ್ತು ವರ್ಷ ಖಣಿಯಲ್ಲಿ ಈಜಿದವರು ತೊಡೆಮಟ್ಟದ ನೀರಲ್ಲಿ ಕೈಕಾಲು ಬಡಿಯುತ್ತಿದ್ದರು. ಅವರ ಕಣ್ಣಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ನಗು ಬರಲಿಲ್ಲ ನನಗೆ.

"ಆಂಟಿ, ಆಪ್ ಆಯಿಯೇ" ಅಂದ ಆ ಹುಡುಗ. ಮಗಳ ಹಳೆಯ ಚೂಡಿದಾರ ಹಾಕಿಕೊಂಡು ದಂಡೆಯಲ್ಲಿ ಕೂತಿದ್ದ ನನಗೆ ಬಾವಿಯಲ್ಲಿ ತೇಲುತ್ತಿದ್ದ ಆ ಕೊಡವೇ ಕಣ್ಣ ಮುಂದೆ. ಒಲ್ಲೆ ಅಂದೆ. ಆತ ಒತ್ತಾಯ ಮಾಡಲಿಲ್ಲ, ಕೊಳವೆ ಕೈಗೆ ಕೊಟ್ಟು "ಇಲ್ಲೇ ಕೂತು ಉಸಿರಾಡಿ ನೋಡಿ" ಅಂದ. ಬಾಯಿಗಿಟ್ಟೆ. ಸೋದರಿಯರೇ, ಏನು ಹೇಳಲಿ! ಬಾಯಿಗಿಟ್ಟ ಕೂಡಲೇ ನನಗೆ ನಮ್ಮವ್ವನ ಒಲೆ ನೆನಪಾಯಿತು. ಹಸಿ ಕಟ್ಟಿಗೆ, ಹೊಗೆ, ಕೈಯಲ್ಲಿ ಊದುಗೊಳವೆ. ಮೂಗು ಬಿಗಿಹಿಡಿದು, ಬಾಯಿಂದ ಗಾಳಿ ತುಂಬಿಕೊಂಡು, ಉದ್ದಕ್ಕೆ ನಿಧಾನವಾಗಿ ಊದುವುದು. ಅವಸರ ಮಾಡಿದರೆ ಹೊಗೆ ಒಳಗೆ ಹೋಗಿ ಕೆಮ್ಮು ಬರುತ್ತದೆ. ಎಂಟನೇ ವಯಸ್ಸಿಗೇ ಕಲಿತ ಈ ವಿದ್ಯೆ ಸಮುದ್ರದಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಯಾರು ಎಣಿಸಿದ್ದರು?

ಇಳಿದೆ. ಸೊಂಟದವರೆಗೆ ಹೋಗಿ ಆ ತರುಣ ಹಿಡಿದ ತೇಲುವ ಬಳೆಯನ್ನು ಹಿಡಿದು ಮುಖ ನೀರಿಗಿಟ್ಟೆ. ಎದೆ ಡವಡವ. ಒಲೆ ಊದಿದ ಹಾಗೆ ಉದ್ದಕ್ಕೆ ಉಸಿರು ಬಿಟ್ಟೆ. ಕಾಲು ತಾನಾಗಿ ಮೇಲೆ ಬಂತು. ಉಪ್ಪುನೀರು ಮನುಷ್ಯರನ್ನು ಸಿಹಿನೀರಿಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ. ಬಡಿದಾಡದೆ ಸುಮ್ಮನಿದ್ದರೆ ಸಾಕು. ಕಣ್ಣು ಬಿಟ್ಟು ನೋಡುತ್ತೇನೆ, ಹಳದಿ ಕಪ್ಪು ಪಟ್ಟೆಯ ಮೀನು, ನೀಲಿ ಮೀನು, ಹಸಿರು ಗಿಳಿಮೀನು. ಈ ಗಿಳಿಮೀನು ಹವಳವನ್ನು ಕಟಕಟ ಕಡಿಯುವ ಸದ್ದು ಕಿವಿಗೆ ಕೇಳುತ್ತದೆ. ಅದು ತಿಂದು ಅರೆದು ಹೊರಗೆ ಹಾಕಿದ್ದೇ ಅಲ್ಲಿನ ಬಿಳಿ ಮರಳಿನ ಒಂದು ಪಾಲು. ಎಷ್ಟು ಹೊತ್ತು ತೇಲಿದೆನೋ ತಿಳಿಯದು. ಮೇಲೆದ್ದಾಗ ಮುಖವಾಡದೊಳಗೆ ನೀರಿತ್ತು. ಅದು ಸಮುದ್ರದ್ದಲ್ಲ. ನನ್ನ ಓರಗೆಯ ಆ ಹುಡುಗಿಯ ನೆನಪಾಗಿತ್ತು.

ಮರುದಿನ ಕವರತ್ತಿಯಲ್ಲಿ ಇವರ ಮೀಸೆಗೆ ನಾನೇ ವ್ಯಾಸಲೀನ್ ಹಚ್ಚಿದೆ. ನೀರು ನುಸುಳದ ಹಾಗೆ ಅದೂ ಒಂದು ಉಪಾಯ. ಬಾಯಿಂದ ಉಸಿರು ಬಿಡುವುದನ್ನು ದಂಡೆಯ ಮೇಲೆ ಕೂರಿಸಿ ಕಲಿಸಿದೆ. "ಒಲಿ ಊದೀರೇನು ಎಂದಾದರೂ?" ಅಂದರೆ "ಊದಿದ್ರ ಇವತ್ತು ಈ ಗತಿ ಯಾಕ ಬರ್ತಿತ್ತು?" ಅಂದರು. ಇಬ್ಬರೂ ಕೈ ಹಿಡಿದು ತೇಲಿದೆವು. ಈಜು ಬರುವವರ ಕೈಯನ್ನು ಬಾರದವಳು ಹಿಡಿದಿದ್ದಳು.

ಅಲ್ಲಿ ಕೆಲವು ಕಡೆ ಹವಳ ಬೂದಿಯ ಬಣ್ಣಕ್ಕೆ ತಿರುಗಿ ಸತ್ತು ಬಿದ್ದಿತ್ತು. ಹವಳ ಅಂದರೆ ಕಲ್ಲಲ್ಲ, ಗಿಡವೂ ಅಲ್ಲ, ಸಾಸಿವೆಯಷ್ಟು ಚಿಕ್ಕ ಪ್ರಾಣಿಗಳ ಕೂಡುಕುಟುಂಬ. ಅವು ಸುಣ್ಣದ ಗೂಡು ಕಟ್ಟುತ್ತವೆ, ಅದರ ಮೇಲೆಯೇ ದ್ವೀಪ ನಿಂತಿದೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದೇ ಅನ್ನ ಹಾಕುವುದು, ಅದೇ ಬಣ್ಣ ಕೊಡುವುದು. ಸಮುದ್ರದ ನೀರು ಬಹಳ ದಿನ ಹೆಚ್ಚು ಬಿಸಿಯಾದರೆ ಆ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ, ತಂಪಾಗದೇ ಹೋದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಗಿತ್ತು. ನಾವು ಬಂದ ಮೇಲೆ 2024ರಲ್ಲಿ ಮತ್ತೆ ಆಯಿತು. ಆದ್ದರಿಂದ ಹೋಗುವವರು ಹವಳದ ಮೇಲೆ ಕಾಲಿಡಬೇಡಿ, ಮುಟ್ಟಬೇಡಿ. ನೆನಪಿಗೆ ಅಂತ ಒಂದು ಚೂರೂ ತರಬೇಡಿ, ಅದು ಅಪರಾಧ. ನಮ್ಮ ಕಾಡಿನ ಪ್ರಾಣಿಗಳನ್ನು ಕಾಯುವ 1972ರ ವನ್ಯಜೀವಿ ಕಾಯ್ದೆಯೇ ಹವಳವನ್ನೂ ಕಾಯುತ್ತದೆ.

ಅಷ್ಟು ದೂರ ಹೋಗಲು ಆಗದವರಿಗೆ ನಮ್ಮ ಕರ್ನಾಟಕದಲ್ಲೇ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಇದೆ. ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ ದೋಣಿಯಲ್ಲಿ ಕರೆದೊಯ್ದು ನೀರಿಗಿಳಿಸಿ ತೋರಿಸುತ್ತಾರೆ. ರಕ್ಷಾಕವಚ ಕೊಡದಿದ್ದರೆ ಮಾತ್ರ ಇಳಿಯಬೇಡಿ. ಉಬ್ಬಸ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೋಗಿ.

ಊರಿಗೆ ಬಂದ ಮೇಲೆ ಯುಗಾದಿಗೆ ಕುಂಚಾವರಂಗೆ ಹೋಗಿದ್ದೆ. ತಮ್ಮನ ಮಗಳಿಗೆ ಆಗ ಒಂಬತ್ತು ವರ್ಷ. ಬೇಸಿಗೆ ರಜೆಗೆ ಅವಳನ್ನು ನನ್ನ ಜೊತೆ ಕಳಿಸು, ಮಾವ ಈಜು ಕಲಿಸುತ್ತಾರೆ ಅಂದೆ. "ಹುಡುಗಿಗ್ಯಾಕ ಅಕ್ಕಾ ಈಜು? ನೀರಿನ ಸನೇಕ ಕಳಸಂಗಿಲ್ಲ ನಾವು" ಅಂದ ತಮ್ಮ. ನಮ್ಮವ್ವ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಈಗ ಅವಳಿಗೆ ಕಣ್ಣು ಮಂಜು. ಬಹಳ ಹೊತ್ತು ಸುಮ್ಮನಿದ್ದು, "ಕಳಸು. ಆ ಕೂಸಿಗೆ ಈಜು ಬಂದಿದ್ರ ಇವತ್ತು ನಿಮ್ಮಕ್ಕನ ವಯಸ್ಸು ಇರ್ತಿತ್ತು" ಅಂದಳು. ಯಾವ ಕೂಸು ಅಂತ ನಾವ್ಯಾರೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮವರು ಪರಿಚಯದವರ ತೋಟದ ಪಾವಟಿಗೆ ಬಾವಿಯಲ್ಲಿ ಅವಳ ಬೆನ್ನಿಗೆ ಬೆಂಡು ಕಟ್ಟಿ, ಹಗ್ಗ ಕೈಯಲ್ಲಿ ಹಿಡಿದು ಕಲಿಸಿದರು. ಖಣಿಯ ಹೊಂಡಕ್ಕೆ ಬಿಡಲಿಲ್ಲ. ಅಲ್ಲಿ ಆಳ ತಿಳಿಯುವುದಿಲ್ಲ, ಹತ್ತಲು ದಂಡೆ ಇರುವುದಿಲ್ಲ, ಮಕ್ಕಳನ್ನು ನೀವೂ ಬಿಡಬೇಡಿ. ಹದಿನೈದು ದಿನಕ್ಕೆ ಹುಡುಗಿ ಬೆಂಡು ಬಿಚ್ಚಿ ಈಜಿದಳು. ಅವಳ ಪಕ್ಕದಲ್ಲಿ ಬೆಂಡು ಕಟ್ಟಿಕೊಂಡೇ ನಾನೂ ಇದ್ದೆ ಅನ್ನುವುದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಪಾಟ್ಲಿ ಇನ್ನೂ ಮಾಡಿಸಿಲ್ಲ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಈಜು ಬರುತ್ತದೆಯೇ? ಯಾರು ಕಲಿಸಿದರು, ಎಲ್ಲಿ ಕಲಿಸಿದರು, ಮನೆಯಲ್ಲಿ ಏನಂದರು, ಬರೆದು ತಿಳಿಸಿ. ಮುಂದಿನ ಸಂಚಿಕೆಗೆ ಮತ್ತೆ ಅಡಿಗೆಮನೆಗೆ ಬರೋಣ.