ಕಣ್ಣಿಗೊಂದು ಕಿಟಕಿ, ಕಿವಿಗೊಂದು ಕಿಟಕಿ, ಮನುಷ್ಯನಿಗೆ ಯಾವುದು?

ಸಂಘದ ಕಳೆದ ಸಭೆಯಲ್ಲಿ ಬಂದ ಒಂದು ಮಾತಿಗೆ ಅಲ್ಲಿಯೇ ಉತ್ತರ ಕೊಡಬೇಕಾಗಿತ್ತು. ರಾತ್ರಿ ಪಾಳಿಯವರು ಏಳುವ ಹೊತ್ತಾಗಿದ್ದರಿಂದ ಆಗಲಿಲ್ಲ. ಕಣ್ಣು ಕಿವಿ ಎರಡನ್ನೂ ಕಳಕೊಂಡವರ ಸಲುವಾಗಿ ಸಂಘವು ಒಂದು ಠರಾವು ಮಾಡಬೇಕೆಂದು ನಾನು ಕೇಳಿದಾಗ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, "ಪಗಾರ, ಬೋನಸ್ಸು, ಪ್ರಾವಿಡೆಂಟ್ ಫಂಡು, ಇವೇ ಇತ್ಯರ್ಥವಾಗಿಲ್ಲ. ಊರಿಗೊಬ್ಬರೋ ಇಬ್ಬರೋ ಇರುವ ಇಂಥವರ ಚಿಂತೆಯನ್ನು ಧರ್ಮಸಂಸ್ಥೆಗಳು ಮಾಡಿಕೊಳ್ಳಲಿ. ಕಾರ್ಮಿಕ ಸಂಘಕ್ಕೆ ಯಾಕೆ?" ಎಂದರು. ಕೆಲವರು ತಲೆದೂಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾಲಕ್ಕೆ ನಾನೂ ಅವರ ಪಂಗಡದವನೇ ಆಗಿದ್ದೆ, ಅದಕ್ಕಿಂತಲೂ ಕೆಟ್ಟವನಾಗಿದ್ದೆ ಎಂದರೂ ಸರಿ. ಹೇಗೆಂದು ಹೇಳುತ್ತೇನೆ.

ನಾನು ಗಲ್ಲೆಯಲ್ಲಿ ಕೂತಿದ್ದ ಹೋಟೆಲಿಗೆ ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಬಂದ. ಹುಟ್ಟುಕಿವುಡ. ಟೇಬಲ್ ಒರೆಸುವ, ಲೋಟ ಎತ್ತುವ ಕೆಲಸ. ಬೆಳಿಗ್ಗೆಯೆಲ್ಲ ಅವನ ಕೈ ನೋಡುವಂತಿತ್ತು. ಸನ್ನೆ ಮಾಡುವುದರೊಳಗೆ ಟೇಬಲ್ ಶುಚಿ. ದೀಪ ಹಚ್ಚುವ ಹೊತ್ತಾಯಿತೆಂದರೆ ಅದೇ ಹುಡುಗ ಕುರ್ಚಿಗೆ ಎಡವುವನು, ಗಿರಾಕಿಯ ಕಾಲು ತುಳಿಯುವನು, ಗ್ಲಾಸು ಕೆಡವುವನು. "ಕಿವಿಯಂತೂ ಇಲ್ಲ, ಕಣ್ಣೂ ಕಾಣುವುದಿಲ್ಲವೇನೋ" ಎಂದು ಎಲ್ಲರೂ ನಕ್ಕರು. ಒಡೆದ ಗ್ಲಾಸಿನ ದುಡ್ಡನ್ನು ಅವನ ಪಗಾರದಲ್ಲಿ ಮುರಿದು ಬರೆದದ್ದು ನನ್ನ ಕೈ. ಮೂರನೇ ತಿಂಗಳಿಗೆ ಅವನನ್ನು ಊರಿಗೆ ಕಳಿಸಿಬಿಟ್ಟರು. ನಾಲ್ಕು ವರ್ಷದ ಮೇಲೆ ನಾನು ಊರಿಗೆ ಹೋದಾಗ ಅವನ ತಾಯಿ ಸಿಕ್ಕಿದಳು. ಹುಡುಗನಿಗೆ ಈಗ ಹಗಲಿನಲ್ಲೂ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತದೆಯಂತೆ. ಅದೂ ದಿನ ಹೋದಂತೆ ಕಿರಿದಾಗುತ್ತಿದೆ. ನಾವು ನಕ್ಕು ಆಡಿದ ಮಾತೇ ನಿಜವಾಗಿತ್ತು.

ಆ ರೋಗಕ್ಕೆ ಅಶರ್ ಸಿಂಡ್ರೋಮ್ ಎಂದು ಹೆಸರು. ವಂಶದಲ್ಲಿ ಬರುವಂಥದು. ಅದರ ಒಂದು ಬಗೆಯಲ್ಲಿ ಮಗು ಕಿವುಡಾಗಿಯೇ ಹುಟ್ಟುತ್ತದೆ. ಬಾಲ್ಯದಲ್ಲೇ ಇರುಳುಗಣ್ಣು ಶುರುವಾಗಿ, ಆಮೇಲೆ ದೃಷ್ಟಿ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುತ್ತದೆ. ತಾಯಿ ತಂದೆ ಇಬ್ಬರಲ್ಲಿಯೂ ದೋಷದ ಬೀಜ ಅಡಗಿದ್ದರೆ ಮಾತ್ರ ಮಗುವಿಗೆ ತಗಲುತ್ತದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹಾಗೆ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದೂ ಅತ್ತೆಯ ಮಗನಿಗೆ ಕೊಡುವುದೂ ಎಷ್ಟು ಮಾಮೂಲೆಂದು ನಾನು ಹೇಳಬೇಕಾಗಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ವಿಚಾರಿಸಿದಾಗ ಹೆತ್ತ ತಾಯಂದಿರಲ್ಲಿ ಸುಮಾರು ಮೂವರಲ್ಲಿ ಒಬ್ಬಳ ಮದುವೆ ಸಂಬಂಧದೊಳಗೇ ಆಗಿತ್ತು. ಅಂಥ ಮದುವೆಯ ಮಕ್ಕಳೆಲ್ಲ ಹೀಗಾಗುತ್ತಾರೆಂದು ಯಾರೂ ಹೆದರಬೇಕಾಗಿಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಹುಟ್ಟುಕಿವುಡು ಮಗುವಿನ ಕಣ್ಣನ್ನೂ ಒಮ್ಮೆ ಪರೀಕ್ಷಿಸಿ ನೋಡುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ?

ನೋಡಿದವರಾರು? ಹುಡುಗನ ಕೈಯಲ್ಲಿ ಕಿವಿಯ ಸರ್ಟಿಫಿಕೇಟು ಇತ್ತು. ಅದನ್ನು ಕೊಟ್ಟವರು ಕಿವಿ ಮಾತ್ರ ನೋಡಿದರು. ಕಣ್ಣಿನದು ಬೇರೆ ಕಿಟಕಿ, ಬೇರೆ ಸಾಲು, ಬೇರೆ ದಿವಸ. ಈ ರೋಗದ ಮೊದಲನೆಯ ಜೀನನ್ನು ವಿಜ್ಞಾನಿಗಳು 1995ರಲ್ಲಿಯೇ ಗುರುತಿಸಿದ್ದಾರೆ. ಸವೆದ ಕಣ್ಣನ್ನು ಮರಳಿ ಕೊಡುವ ಮದ್ದು ಇಲ್ಲ, ನಿಜ. ಆದರೆ ಮುಂಚಿತವಾಗಿ ತಿಳಿದರೆ, ಎಳವೆಯಲ್ಲೇ ಕಿವಿಗೆ ಕಾಕ್ಲಿಯರ್ ಯಂತ್ರ ಕೂಡಿಸಿ ಮಗುವಿಗೆ ಮಾತು ಕಲಿಸಬಹುದು. ಬೆಳಕಿರುವಾಗಲೇ ಬ್ರೈಲ್ ಕಲಿಸಬಹುದು. ಸಂಜೆ ಪಾಳಿಗೆ ಹಾಕಬೇಡಿರೆಂದು ಮಾಲೀಕನಿಗೆ ಹೇಳಬಹುದು. ಕೊನೆಯದಕ್ಕೆ ಕಾಸಿನ ಖರ್ಚೂ ಇಲ್ಲ.

ಇನ್ನು ಗಿರಣಿಯ ಮಾತಿಗೆ ಬರೋಣ. ಊರಿಗೊಬ್ಬರೋ ಇಬ್ಬರೋ ಎಂದವರು ತಮ್ಮ ಚಾಳಿನ ವರಾಂಡದಲ್ಲಿ ಕೂತಿರುವ ಮುದುಕರನ್ನು ಎಣಿಸಿದ್ದಾರೆಯೇ? ನೇಯ್ಗೆ ಖಾತೆಯಲ್ಲಿ ಮೂವತ್ತು ವರ್ಷ ದುಡಿದವನ ಕಿವಿ ಏನಾಗುತ್ತದೆ ಎಂಬುದಕ್ಕೆ ಪುಸ್ತಕ ಬೇಕಾಗಿಲ್ಲ. ಮಗ್ಗಗಳ ಆರ್ಭಟದಲ್ಲಿ ನಾಲಗೆ ಸತ್ತು, ಮಾತೆಲ್ಲ ಕೈಸನ್ನೆ ತುಟಿಸನ್ನೆಯಲ್ಲಿ ನಡೆಯುತ್ತಿತ್ತು. 1982ರ ಮುಷ್ಕರವಾಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವುಗಳ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದವು. ಕಿವಿ ಮಾತ್ರ ಮರಳಿ ಬರಲಿಲ್ಲ. ಗದ್ದಲದಿಂದಾದ ಕಿವುಡುತನವು ನೌಕರರ ರಾಜ್ಯ ವಿಮಾ ಕಾಯಿದೆಯಲ್ಲಿ ಉದ್ಯೋಗದ ರೋಗವೆಂದೇ ದಾಖಲಾಗಿತ್ತು. ಅದರ ಪರಿಹಾರ ಪಡೆದವನೊಬ್ಬನನ್ನೂ ನಾನು ನಮ್ಮ ಚಾಳಿನಲ್ಲಿ ಕಂಡಿಲ್ಲ. ಅಂಥ ಕಿವಿಯವನಿಗೆ ಈಗ ಸಕ್ಕರೆ ಕಾಯಿಲೆ ಬಂದು ಕಣ್ಣಿನ ಪರದೆ ಕೆಡುತ್ತಿದೆ, ಇಲ್ಲವೆ ಪೊರೆ ಕಟ್ಟುತ್ತಿದೆ, ಇಲ್ಲವೆ ಗ್ಲಾಕೋಮಾ. ಸಕ್ಕರೆ ಕಾಯಿಲೆ ಹೋಟೆಲಿನವರನ್ನೂ ಬಿಟ್ಟಿಲ್ಲ.

ಕಿವಿ ಕೆಟ್ಟವನು ಕಣ್ಣಿನಿಂದ ಸುಧಾರಿಸಿಕೊಳ್ಳುತ್ತಾನೆ, ತುಟಿ ನೋಡಿ ಮಾತು ತಿಳಿಯುತ್ತಾನೆ. ಕಣ್ಣು ಕೆಟ್ಟವನು ಕಿವಿಯಿಂದ ದಾರಿ ಹಿಡಿಯುತ್ತಾನೆ. ಎರಡೂ ಅರ್ಧರ್ಧ ಹೋದವನಿಗೆ ಒಂದರ ಊರುಗೋಲಾಗಿ ಇನ್ನೊಂದಿಲ್ಲ. ಕಿವುಡು-ಕುರುಡು ಎಂಬುದು ಎರಡು ಕಷ್ಟಗಳ ಕೂಡಿಕೆಯಲ್ಲ, ಮೂರನೆಯದೇ ಒಂದು ಕಷ್ಟ. ನಮ್ಮ ಚಾಳಿನ ಹಿರಿಯರೊಬ್ಬರು ಮಾತೇ ಬಿಟ್ಟಿದ್ದರು. ಬುದ್ಧಿ ಕೆಟ್ಟಿತೆಂದು ಮನೆಯವರು ತಿಳಿದರು. ರಾತ್ರಿಶಾಲೆಯಲ್ಲಿ ಓದಿದ ಮನುಷ್ಯ. ಮೊಮ್ಮಗಳು ಒಂದು ದಿನ ಆಟಕ್ಕೆಂದು ಅವರ ಅಂಗೈ ಮೇಲೆ ಬೆರಳಿನಿಂದ "ಅಜ್ಜ, ಚಾ" ಎಂದು ಬರೆದಳು. ಅವರು ಕೂಡಲೇ, "ಸಕ್ಕರೆ ಬೇಡ ಮಗಾ" ಎಂದರು.

ಇಂಥವರು ಸರಕಾರದ ಕಿಟಕಿಗೆ ಹೋದರೆ ಏನಾಗುತ್ತದೆ? ಅಂಗವೈಕಲ್ಯದ ಸವಲತ್ತುಗಳಲ್ಲಿ ಹೆಚ್ಚಿನವು ಶೇಕಡಾ 40ಕ್ಕೆ ಕಡಿಮೆಯಿದ್ದವರಿಗಿಲ್ಲ. ಕಣ್ಣಿನ ಕಿಟಕಿಯಲ್ಲಿ 30 ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ. ಕಿವಿಯ ಕಿಟಕಿಯಲ್ಲೂ 30 ಎಂದು ಬರೆದು ಕಳಿಸುತ್ತಾರೆ. ಆದರೆ ಸರಕಾರದ ಮಾರ್ಗಸೂಚಿಯಲ್ಲಿ ಎರಡನ್ನೂ ಕೂಡಿಸುವ ಸೂತ್ರವೊಂದಿದೆ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. 30ಕ್ಕೆ 30 ಹೀಗೆ ಕೂಡಿದರೆ 50 ಆಗುತ್ತದೆ! ಅಂದರೆ ಎರಡು ಕಿಟಕಿಯಿಂದಲೂ ಬರಿಗೈಯಲ್ಲಿ ಬಂದವನು ಕಾನೂನಿನ ಪ್ರಕಾರ ಹಕ್ಕುದಾರ. ಈ ಲೆಕ್ಕವನ್ನು ಅವನಿಗೆ ಹೇಳುವವರು ಯಾರು? ಸಂಘ ಹೇಳದಿದ್ದರೆ ಮತ್ತಾರು ಹೇಳಬೇಕು?

ಕಾನೂನು ಇವರನ್ನು ಬಹಳ ದಿನ ಹೆಸರಿಡಿದೂ ಕರೆದಿರಲಿಲ್ಲ. 1995ರ ಅಂಗವಿಕಲರ ಕಾಯಿದೆಯ ಏಳು ಬಗೆಗಳಲ್ಲಿ ಕಿವುಡು-ಕುರುಡು ಎಂಬ ಶಬ್ದವಿಲ್ಲ. 2016ರ ಕಾಯಿದೆಯ 21 ಬಗೆಗಳಲ್ಲಿ ಬಂದಿತು, ಅದೂ "ಬಹುವಿಧ ವೈಕಲ್ಯ"ದ ಬಾಲವಾಗಿ. ಸರಕಾರಿ ನೌಕರಿಯ ಮೀಸಲಾತಿಯಲ್ಲಿ ಕಣ್ಣಿಲ್ಲದವರಿಗೆ ಶೇಕಡಾ 1, ಕಿವಿಯಿಲ್ಲದವರಿಗೆ ಶೇಕಡಾ 1. ಎರಡೂ ಇಲ್ಲದವನು ಮಾತ್ರ ಬೇರೆ ಹಲವು ಬಗೆಯವರೊಡನೆ ಒಂದೇ ಶೇಕಡಾವನ್ನು ಹಂಚಿಕೊಳ್ಳಬೇಕು. 2011ರ ಜನಗಣತಿಯು ದೃಷ್ಟಿದೋಷದವರು 50 ಲಕ್ಷ, ಶ್ರವಣದೋಷದವರು 50 ಲಕ್ಷ, ಬಹುವಿಧ ವೈಕಲ್ಯದವರು 21 ಲಕ್ಷ ಎಂದಿತು. ಆ 21 ಲಕ್ಷದೊಳಗೆ ಕಿವುಡು-ಕುರುಡರನ್ನು ಬೇರೆಯಾಗಿ ತೋರಿಸಲಿಲ್ಲ. ಕಿವುಡು-ಕುರುಡರ ವಿಶ್ವ ಒಕ್ಕೂಟವು 2018ರ ವರದಿಯಲ್ಲಿ ಜನಸಂಖ್ಯೆಯ ಶೇಕಡಾ 0.2ರಿಂದ 2ರವರೆಗೆ ಎಂದು ಅಂದಾಜು ಕಟ್ಟಿದೆ. ಕಡಿಮೆಯದನ್ನೇ ಹಿಡಿದರೂ 140 ಕೋಟಿಗೆ 28 ಲಕ್ಷ. ಊರಿಗೊಬ್ಬರೋ ಇಬ್ಬರೋ ಎಂದವರು ಇದನ್ನು ಇನ್ನೊಮ್ಮೆ ಓದಬೇಕು. ಎಣಿಸದ ಜನಕ್ಕೆ ಹಣ ಮಂಜೂರಾಗುವುದಿಲ್ಲ, ಹಣವಿಲ್ಲದ ಕಡೆ ಸಂಶೋಧನೆ ನಡೆಯುವುದಿಲ್ಲ.

ತಡ ಮಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದೆಂಬ ಸುಳಿವು 1941ರಲ್ಲಿ ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್‌ರಿಂದ ಸಿಕ್ಕಿತು. 1964-65ರಲ್ಲಿ ಅಮೇರಿಕೆಯಲ್ಲಿ ಆ ಪಿಡುಗೆದ್ದು ಸುಮಾರು 20,000 ಮಕ್ಕಳು ಹಾಗೆ ಹುಟ್ಟಿದರು. 1969ರಲ್ಲಿ ಅಲ್ಲಿ ಲಸಿಕೆ ಬಂತು. ನಮ್ಮ ದೇಶದ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಆಂದೋಲನ ಶುರುವಾದದ್ದು 2017ರ ಫೆಬ್ರವರಿಯಲ್ಲಿ. ಮೊದಲ ಐದು ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ನಡುವೆ ಹೋದದ್ದು 48 ವರ್ಷ! ದುಡ್ಡಿದ್ದವರು ಖಾಸಗಿ ಡಾಕ್ಟರರ ಕಡೆ ಹಾಕಿಸಿಕೊಂಡರು, ಕಾದವರು ಬಡವರು. ಅಷ್ಟು ಕಾದ ಮೇಲೆ ಲಸಿಕೆ ಬಂದಾಗ ಅದು ವಿಷವೆಂದು ಮೊಬೈಲಿನಲ್ಲಿ ಸುಳ್ಳು ಹಬ್ಬಿಸಿದವರೂ ನಮ್ಮಲ್ಲೇ ಇದ್ದರು. ಸರಕಾರವನ್ನು ಬಯ್ಯುವಾಗ ಇದನ್ನೂ ಹೇಳಬೇಕು.

ಧರ್ಮಸಂಸ್ಥೆಗಳಿಗಿರಲಿ ಎಂದರಲ್ಲ, ಹೆಲೆನ್ ಕೆಲರ್ ಅವರ ಹೆಸರು ಎಲ್ಲರಿಗೂ ಗೊತ್ತು. ಹತ್ತೊಂಬತ್ತನೇ ತಿಂಗಳಿಗೆ ಕಣ್ಣು ಕಿವಿ ಹೋದವರು, 1904ರಲ್ಲಿ ಪದವಿ ಪಡೆದವರು, 1955ರಲ್ಲಿ ಭಾರತಕ್ಕೂ ಬಂದಿದ್ದವರು. ಪಠ್ಯಪುಸ್ತಕ ಹೇಳದ್ದು ಇನ್ನೊಂದಿದೆ: ಅವರು ಸಮಾಜವಾದಿ. 1912ರಲ್ಲಿ ಲಾರೆನ್ಸ್ ಊರಿನ ಬಟ್ಟೆಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಪಕ್ಷ ಹಿಡಿದವರು. ಕುರುಡುತನಕ್ಕೆ ಕಾರಣ ಹುಡುಕಹೊರಟಾಗ ಅದರಲ್ಲಿ ಎಷ್ಟೋ ಪಾಲು ಕಾರ್ಖಾನೆಯ ದುಸ್ಥಿತಿಯಿಂದಲೂ ಮಾಲೀಕರ ಲೋಭದಿಂದಲೂ ಬಂದದ್ದೆಂದು ಕಂಡುಕೊಂಡದ್ದಾಗಿ ಅವರೇ ಹೇಳಿದ್ದಾರೆ. ಇದು ಕಾರ್ಮಿಕ ಸಂಘದ ವಿಷಯವಲ್ಲವೆನ್ನುವವರು ಅವರೊಡನೆ ವಾದಿಸಲಿ.

ಮತ್ತು ಹೆಲೆನ್‌ರ ಚಿತ್ರವನ್ನು ಗೋಡೆಗೆ ತೂಗುಹಾಕುವ ನಾವು ಆನಿ ಸಲಿವನ್‌ರನ್ನು ಮರೆಯುತ್ತೇವೆ. ನಿರ್ಗತಿಕರ ಆಶ್ರಮದಲ್ಲಿ ಬೆಳೆದ ಬಡವಳು, ತನ್ನ ಕಣ್ಣೂ ಅರೆಬರೆ. 1887ರಿಂದ 1936ರಲ್ಲಿ ಸಾಯುವವರೆಗೆ ಹೆಲೆನ್‌ರ ಅಂಗೈಯಲ್ಲಿ ಲೋಕವನ್ನು ಬರೆದವಳು ಆಕೆ. ಅದು ದಾನವಲ್ಲ, ದುಡಿಮೆ. ಮುಂಬಯಿಯಲ್ಲಿ 1977ರಿಂದ ಕಿವುಡು-ಕುರುಡು ಮಕ್ಕಳಿಗಾಗಿ ಹೆಲೆನ್ ಕೆಲರ್ ಹೆಸರಿನ ಸಂಸ್ಥೆಯಿದೆ. ಅಹಮದಾಬಾದಿನಲ್ಲಿ 1997ರಿಂದ ಸೆನ್ಸ್ ಇಂಟರ್‌ನ್ಯಾಶನಲ್ ಇದೆ. ಅವರ ಕೆಲಸಕ್ಕೆ ಕೈಮುಗಿಯುತ್ತೇನೆ. ಆದರೆ ಒಬ್ಬನಿಗೆ ಒಬ್ಬ ಸಹಾಯಕ ಬೇಕಾದ ಕೆಲಸವಿದು. ಆ ಸಹಾಯಕನ ಪಗಾರವನ್ನು ಉತ್ಸವದ ವರ್ಗಣಿಯಿಂದ ಎಷ್ಟು ದಿನ ಕೊಡಲಾದೀತು? ಸರಕಾರದ ಬಜೆಟ್ಟಿನಿಂದಲೇ ಬರಬೇಕು.

ಠರಾವಿನ ಕರಡನ್ನು ಮುಂದಿನ ಸಭೆಗೆ ತರುತ್ತೇನೆ. ಕಿವಿಯ ಸರ್ಟಿಫಿಕೇಟು ಕೇಳಿಬಂದವರ ಕಣ್ಣನ್ನೂ, ಕಣ್ಣಿನದಕ್ಕೆ ಬಂದವರ ಕಿವಿಯನ್ನೂ ಅದೇ ದಿನ ಪರೀಕ್ಷಿಸಬೇಕು. 2027ಕ್ಕೆಂದು ಸಾರಿರುವ ಜನಗಣತಿಯ ಲೆಕ್ಕದಲ್ಲಿ ಕಿವುಡು-ಕುರುಡರನ್ನು ಬೇರೆಯಾಗಿ ತೋರಿಸಬೇಕು. ಸಹಾಯಕರಿಗೆ ಸರಕಾರ ಪಗಾರ ಕೊಡಬೇಕು. ನಮ್ಮ ಪಾಲಿನ ಕೆಲಸವೂ ಇದೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗಲೂ ಒಂದೂವರೆ ವರ್ಷದ ಹೊತ್ತಿಗೂ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬಾರದು. ಚಾಳಿನಲ್ಲಿ, ಹೋಟೆಲಿನ ಮಾಳಿಗೆಯಲ್ಲಿ ಕಣ್ಣು ಕಿವಿ ಎರಡೂ ಮಂದವಾದವರಿದ್ದರೆ ಅವರ ವಯಸ್ಸು, ಎಷ್ಟು ವರ್ಷ ಯಾವ ಖಾತೆಯಲ್ಲಿ ದುಡಿದರು ಎಂಬುದನ್ನು ಅವರ ಒಪ್ಪಿಗೆ ಕೇಳಿ ಬರೆದು ಸಂಘದ ಕಚೇರಿಗೆ ಕೊಡಿರಿ. ಭಾನುವಾರ ಸಂಜೆ ನಾನು ಅಲ್ಲಿರುತ್ತೇನೆ. ಸಭೆಯಲ್ಲಿ ನನ್ನನ್ನು ವಿರೋಧಿಸಿದ ಹಿರಿಯರೂ ಬರಬೇಕೆಂದು ಕೇಳಿಕೊಳ್ಳುತ್ತೇನೆ; ಅವರೂ ನೇಯ್ಗೆ ಖಾತೆಯವರೇ, ಮತ್ತು ಆ ದಿನ ನನ್ನ ಮಾತನ್ನು ಎರಡು ಸಲ ಕೇಳಿ ತಿಳಿದುಕೊಂಡರು.